ಖೋಲಿಯೊಳಗಿನ ಚಿತ್ರಮಂದಿರ

ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯ ಮಿನರ್ವಾ ಚಿತ್ರಮಂದಿರದಲ್ಲಿ 1975ರ ಆಗಸ್ಟ್ 15ರಂದು ‘ಶೋಲೆ’ ತೆರೆಗೆ ಬಂತು. ನಮ್ಮ ರಾಮನಗರದ ಬಂಡೆಗಳು 70 ಎಂ.ಎಂ. ಪರದೆಯ ಉದ್ದಗಲಕ್ಕೂ ಹರಡಿಕೊಂಡದ್ದನ್ನು ಮುಂಬೈ ನೋಡಿತು. ನೋಡಿದ್ದಕ್ಕಿಂತ ಹೆಚ್ಚಾಗಿ ಕೇಳಿತು. ಆರು ಟ್ರ್ಯಾಕ್‌ಗಳ ಸ್ಟೀರಿಯೊ ಧ್ವನಿಯಲ್ಲಿ ರೈಲು ಪರದೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾಯಿತು, ಗಬ್ಬರ್‌ನ ಬೆಲ್ಟು ಬಂಡೆಯ ಮೇಲೆ ಎಳೆದುಕೊಂಡು ಬಂತು. ಚಿಮ್ಮಿದ ನಾಣ್ಯ ಬಿದ್ದ ಸದ್ದಿಗೆ ಜನ ಕುರ್ಚಿಯ ಕೆಳಗೆ ಬಗ್ಗಿ ಹುಡುಕಿದರು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಪ್ರೀಮಿಯರ್ ಹೊತ್ತಿಗೆ 70 ಎಂ.ಎಂ. ಪ್ರತಿ ಕಸ್ಟಮ್ಸಿನಿಂದ ಬಿಡುಗಡೆಯಾಗದೆ 35 ಎಂ.ಎಂ. ಪ್ರತಿಯನ್ನೇ ತೋರಿಸಬೇಕಾಯಿತು. ಒಳ್ಳೆಯ ಧ್ವನಿಗೂ ಕಸ್ಟಮ್ಸಿಗೂ ಈ ಊರಿನಲ್ಲಿ ಬಹಳ ಹಳೆಯ ನಂಟು.

ಆಟ ಮುಗಿಸಿ ಮನೆಗೆ ಹೋದವರಿಗೆ ಅಲ್ಲಿ ಇದ್ದುದು ಒಂದೇ ಸ್ಪೀಕರಿನ ರೇಡಿಯೊ. ಪಾಲಿಡೋರ್ ಕಂಪನಿ ‘ಶೋಲೆ’ಯ ಹಾಡುಗಳ ಜೊತೆಗೆ ಸಂಭಾಷಣೆಗಳನ್ನೂ ಗ್ರಾಮೋಫೋನ್ ತಟ್ಟೆಗೆ ಇಳಿಸಿ ಮಾರಿದಾಗ ಜನ ಮುಗಿಬಿದ್ದು ಕೊಂಡರು. ಚಿತ್ರ ಮನೆಗೆ ಬರುವಂತಿರಲಿಲ್ಲ, ಅದರ ಸದ್ದಾದರೂ ಬರಲಿ ಎಂಬ ಆಸೆ ಅದು. ಇಂದು ಮಲಾಡಿನಲ್ಲೋ ಮುಲುಂಡಿನಲ್ಲೋ ಒಂದು ಬಿಎಚ್‌ಕೆ ಮನೆಯ ಹಾಲ್‌ಗೆ ಮಧ್ಯಮ ಬೆಲೆಯ ಹೋಮ್ ಥಿಯೇಟರ್ ರಿಸೀವರ್ ಹುಡುಕುತ್ತಿರುವ ಕುಟುಂಬ ಅದೇ ಆಸೆಯ ಮುಂದಿನ ಕೊಂಡಿ. ಆ ಆಸೆ ಹೇಗೆಲ್ಲ ದಾರಿ ಮಾಡಿಕೊಂಡಿತು ಎಂದು ತಿಳಿದರೆ, ಇವತ್ತಿನ ದುಡ್ಡನ್ನು ಎಲ್ಲಿ ಹಾಕಬೇಕು ಎಂಬುದೂ ತಿಳಿಯುತ್ತದೆ.

ಲ್ಯಾಮಿಂಗ್ಟನ್ ರಸ್ತೆಗೆ ಆ ಹೆಸರು ಬಂದದ್ದು 1903ರಿಂದ 1907ರವರೆಗೆ ಮುಂಬೈಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್‌ನಿಂದ. ಈಗ ಕಾಗದದ ಮೇಲೆ ಅದು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ. ಟ್ಯಾಕ್ಸಿಯವನಿಗೆ ಆ ಹೆಸರು ಹೇಳಿದರೆ ಒಂದು ಕ್ಷಣ ಯೋಚಿಸುತ್ತಾನೆ. ಗ್ರಾಂಟ್ ರೋಡ್ ನಿಲ್ದಾಣದಿಂದ ನಡೆದು ತಲುಪಬಹುದಾದ ಈ ಬೀದಿಯಲ್ಲಿ ಮಿನರ್ವಾ, ಅಪ್ಸರಾ, ನಾಜ್ ಚಿತ್ರಮಂದಿರಗಳಿದ್ದವು. ನಾಜ್ ಕಟ್ಟಡದಲ್ಲಿ ಹಂಚಿಕೆದಾರರ ಕಚೇರಿಗಳಿದ್ದವು. ಹಿಂದಿ ಚಿತ್ರದ ವ್ಯಾಪಾರ ಅಲ್ಲೇ ಕುದುರುತ್ತಿತ್ತು. ಅದೇ ಬೀದಿಯ ಅಂಗಡಿಗಳಲ್ಲಿ ರೇಡಿಯೊ ವಾಲ್ವು, ಟ್ರಾನ್ಸ್‌ಫಾರ್ಮರ್, ಕಂಡೆನ್ಸರ್, ಸ್ಪೀಕರ್ ಕೋನು ಸಿಗುತ್ತಿದ್ದವು. ಮೇಲಿನ ಪರದೆಯಲ್ಲಿ ಕೇಳಿದ್ದನ್ನು ಕೆಳಗಿನ ಅಂಗಡಿಯ ಬಿಡಿಭಾಗಗಳಿಂದ ಮನೆಯಲ್ಲಿ ಮಾಡಲಾದೀತೇ ಎಂದು ಯೋಚಿಸಿದ ಹುಡುಗರಿಗೆ ಈ ಬೀದಿಯೇ ಕಾಲೇಜಾಯಿತು.

ಧ್ವನಿ ಮೊದಲು ಚಿತ್ರಮಂದಿರದಲ್ಲೇ ಬಂದಿಯಾಗಿತ್ತು. 1931ರ ಮಾರ್ಚ್ 14ರಂದು ಗಿರಗಾಂವದ ಮೆಜೆಸ್ಟಿಕ್‌ನಲ್ಲಿ ಅರ್ದೇಶಿರ್ ಇರಾನಿಯವರ ‘ಆಲಂ ಆರಾ’ ಬಿಡುಗಡೆಯಾಯಿತು. ಸ್ಟುಡಿಯೊ ಪಕ್ಕದ ರೈಲು ಹಳಿಗಳ ಗದ್ದಲಕ್ಕೆ ಹೆದರಿ, ರೈಲು ನಿಂತ ಮೇಲೆ ರಾತ್ರಿ ಹೊತ್ತು ಚಿತ್ರೀಕರಿಸಿದ ಚಿತ್ರ ಅದು. ದೇಶವೇ ಮಾತಾಡಿದ ಆ ಹಾಡುಗಳು ಗ್ರಾಮೋಫೋನ್ ತಟ್ಟೆಯಾಗಿ ಹೊರಬರಲಿಲ್ಲ. ಚಿತ್ರದ ಪ್ರತಿಯೂ ಉಳಿಯಲಿಲ್ಲ. ಕೇಳಿದವರ ಕಿವಿಯೊಂದಿಗೇ ಆ ಸದ್ದು ಹೋಯಿತು.

ಮನೆಗೆ ಬಂದದ್ದು ರೇಡಿಯೊ. 1927ರ ಜುಲೈ 23ರಂದು ವೈಸ್‌ರಾಯ್ ಲಾರ್ಡ್ ಇರ್ವಿನ್ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಮುಂಬೈ ಕೇಂದ್ರವನ್ನು ಉದ್ಘಾಟಿಸಿದರು. ಕೇಳುವವರು ವರ್ಷಕ್ಕೆ ಹತ್ತು ರೂಪಾಯಿ ಲೈಸೆನ್ಸ್ ಶುಲ್ಕ ಕಟ್ಟಬೇಕು. ಮೂರು ವರ್ಷ ಕಳೆದರೂ ಇಡೀ ದೇಶದಲ್ಲಿ ಲೈಸೆನ್ಸ್ ಪಡೆದವರು ಎಂಟು ಸಾವಿರ ಮುಟ್ಟಲಿಲ್ಲ. ಕಂಪನಿ ಮುಚ್ಚಿ, ಸರ್ಕಾರ ಅದನ್ನು ಕೈಗೆತ್ತಿಕೊಂಡಿತು. ಗಿರಣಿ ಕಾರ್ಮಿಕರಿಗೆ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರ್ಳಿ, ನಾಯಗಾಂವ, ಶಿವಡಿಗಳಲ್ಲಿ ಚಾಳುಗಳನ್ನು ಕಟ್ಟಿಸಿದ್ದೂ ಅದೇ ದಶಕದಲ್ಲಿ. ಒಂದು ಖೋಲಿ ಎಂದರೆ 160 ಚದರಡಿ. ಅಷ್ಟರಲ್ಲೇ ಅಡುಗೆ, ಊಟ, ನಿದ್ದೆ. ಚಾಳಿನಲ್ಲಿ ಒಬ್ಬರ ಮನೆಗೆ ರೇಡಿಯೊ ಬಂದರೆ ಅದು ಇಡೀ ಮಾಳಿಗೆಗೆ ಬಂದಂತೆ. ಗ್ಯಾಲರಿಯಲ್ಲಿ ನಿಂತವರಿಗೂ ಕೇಳುವಷ್ಟು ದೊಡ್ಡದಾಗಿ ಹಾಕುವುದೇ ಅಲ್ಲಿನ ಮರ್ಯಾದೆ.

ಆ ಕಾಲದ ಮುಂಬೈ ಕನ್ನಡಿಗರಿಗೂ ರಾಜಧಾನಿ. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬೈ ಆಡಳಿತದಲ್ಲೇ ಇದ್ದವು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಮೊದಲ ತಟ್ಟೆಗಳು 1930ರ ದಶಕದಲ್ಲಿ ಎಚ್‌ಎಂವಿಯಿಂದ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಗದಗಿನ ಭೀಮಸೇನ ಜೋಶಿ 1943ರಲ್ಲಿ ಮುಂಬೈಗೆ ಬಂದು ರೇಡಿಯೊ ಕಲಾವಿದರಾದರು. ಧಾರವಾಡಕ್ಕೆ ಸ್ವಂತ ಆಕಾಶವಾಣಿ ಕೇಂದ್ರ ಬಂದದ್ದು 1950ರಲ್ಲಿ. ಅದಕ್ಕೆ ಮೊದಲು ಆ ಭಾಗದ ಹಾಡುಗಾರರಿಗೆ ಮೈಕು, ಸ್ಟುಡಿಯೊ, ತಟ್ಟೆ ಎಲ್ಲಕ್ಕೂ ಮುಂಬೈ ಗಾಡಿಯೇ ದಾರಿ.

1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳಿಗೆ ಕಡಿವಾಣ ಹಾಕಿದರು. ಕೇಳುಗರು ಮುಳ್ಳನ್ನು ರೇಡಿಯೊ ಸಿಲೋನ್ ಕಡೆಗೆ ತಿರುಗಿಸಿದರು. ಅಮೀನ್ ಸಯಾನಿ ಅಲ್ಲಿನ ‘ಬಿನಾಕಾ ಗೀತ್‌ಮಾಲಾ’ ಹಾಡಿನ ಕಾರ್ಯಕ್ರಮವನ್ನು ಮುಂಬೈಯಲ್ಲೇ ಧ್ವನಿಮುದ್ರಿಸುತ್ತಿದ್ದರು, ಟೇಪು ಕೊಲಂಬೊಗೆ ಹೋಗುತ್ತಿತ್ತು, ಮುಂಬೈಯ ಹಾಡು ಸಮುದ್ರ ದಾಟಿ, ಶಾರ್ಟ್‌ವೇವ್ ಅಲೆಯ ಮೇಲೆ ಮತ್ತೆ ಮುಂಬೈಯ ಖೋಲಿಗೆ ಮರಳುತ್ತಿತ್ತು. ಬಿನಾಕಾಕ್ಕಾಗಿಯೇ ಶಾರ್ಟ್‌ವೇವ್ ಇರುವ ಸೆಟ್ಟು ಬೇಕು ಎಂದು ಅಂಗಡಿಗೆ ಬಂದವರು ಎಷ್ಟೋ. ಸರ್ಕಾರ ಸೋತು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಿತು. ಯಾವ ಸೆಟ್ಟು ಕೊಳ್ಳಬೇಕು ಎಂಬುದನ್ನು ಸೆಟ್ಟಿನ ಗುಣಕ್ಕಿಂತ ಅದರಲ್ಲಿ ಏನು ಕೇಳಬೇಕು ಎಂಬುದೇ ನಿರ್ಧರಿಸಿದ ಕಾಲ ಅದು. ಇವತ್ತಿಗೂ ಆ ಪ್ರಶ್ನೆಯಿಂದಲೇ ಆರಂಭಿಸಿದವರು ಕಡಿಮೆ ದುಡ್ಡಿನಲ್ಲಿ ಗೆಲ್ಲುತ್ತಾರೆ.

ಎಪ್ಪತ್ತರ ದಶಕದ ಹೊತ್ತಿಗೆ ವಿದೇಶದಲ್ಲಿ ಸ್ಟೀರಿಯೊ ರಿಸೀವರ್ ಮನೆಮಾತಾಗಿತ್ತು. ರೇಡಿಯೊ ಟ್ಯೂನರ್, ಪ್ರಿಆಂಪ್, ಪವರ್ ಆಂಪ್ ಮೂರನ್ನೂ ಒಂದೇ ಡಬ್ಬಿಯಲ್ಲಿ ಕೂಡಿಸಿದ ಜಪಾನಿನ ಯಂತ್ರಗಳು ಅಮೆರಿಕದ ಮಾರುಕಟ್ಟೆಯನ್ನು ತುಂಬಿದವು. ವಾಟ್‌ನ ಹೆಸರಿನಲ್ಲಿ ಸುಳ್ಳು ಹೆಚ್ಚಿದಾಗ, 1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಂಪ್ಲಿಫೈಯರಿನ ಶಕ್ತಿಯನ್ನು ಹೇಗೆ ಅಳೆದು ಜಾಹೀರಾತು ಮಾಡಬೇಕು ಎಂದು ನಿಯಮವನ್ನೇ ತಂದಿತು. ಭಾರತದಲ್ಲಿ ಇಂಥ ಡಬ್ಬಿಯನ್ನು ಆಮದು ಮಾಡಿ ಮಾರುವ ಹಾಗೇ ಇರಲಿಲ್ಲ. ದೇಶೀಯ ಕಂಪನಿಗಳು ತಲೆ ಎತ್ತಿದವು. 1970ರಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದ ಸೋನೋಡೈನ್ ಒಂದು ಒಳ್ಳೆಯ ಉದಾಹರಣೆ. ಆದರೆ ಬ್ಯಾಂಕಿನ ಗುಮಾಸ್ತನಿಗೆ, ಹೋಟೆಲಿನ ಗಲ್ಲಾದಲ್ಲಿ ಕೂರುವವನಿಗೆ ಅವೂ ಎಟುಕುವ ಬೆಲೆಯಲ್ಲಿ ಇರಲಿಲ್ಲ.

ಅವರಿಗೆ ಲ್ಯಾಮಿಂಗ್ಟನ್ ರಸ್ತೆ ಕೊಟ್ಟದ್ದು ‘ಅಸೆಂಬಲ್ಡ್’. ಈ ಅಧ್ಯಾಯಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ.

ಒಂದು ಜೊತೆ 2ಎನ್3055 ಟ್ರಾನ್ಸಿಸ್ಟರ್, ಅಂಗೈಯಗಲದ ಸರ್ಕ್ಯೂಟ್ ಬೋರ್ಡು, ತಾಮ್ರದ ತಂತಿ ಸುತ್ತಿದ ಭಾರವಾದ ಟ್ರಾನ್ಸ್‌ಫಾರ್ಮರ್, ಶಾಖ ಹೊರಹಾಕಲು ಅಲ್ಯೂಮಿನಿಯಂ ಹೀಟ್ ಸಿಂಕು, ತಗಡಿನ ಪೆಟ್ಟಿಗೆ, ಮುಂದೆ ಗುಂಡಿಗಳು. ಒಂದೊಂದು ಅಂಗಡಿಯಲ್ಲಿ ಒಂದೊಂದನ್ನು ಕೊಂಡು, ಮೆಕ್ಯಾನಿಕ್ಕಿನ ಕೈಗೆ ಕೊಟ್ಟರೆ ಆಂಪ್ಲಿಫೈಯರ್ ಸಿದ್ಧ. ಮುಂದೆ ಎಲ್‌ಎ4440 ಎಂಬ ಐಸಿ ಬಂದು ಕೆಲಸ ಇನ್ನೂ ಸುಲಭವಾಯಿತು. ಒಂದು ಚಿಪ್ಪು, ಕೆಲವೇ ಕಂಡೆನ್ಸರ್, ಎರಡು ಸ್ಪೀಕರ್. ದೇಶದ ಮೂಲೆ ಮೂಲೆಯ ರೇಡಿಯೊ ರಿಪೇರಿ ಅಂಗಡಿಗಳು ಅದನ್ನು ಬಳಸಿದವು. ಸ್ಪೀಕರಿನ ಡಬ್ಬಿಯನ್ನು ಬಡಗಿಯಿಂದ ಪ್ಲೈವುಡ್ಡಿನಲ್ಲಿ ಮಾಡಿಸಿ, ಒಳಗೆ ಹತ್ತಿ ತುಂಬಿ, ಮುಂದೆ ಬಟ್ಟೆ ಬಿಗಿದರೆ ಆಯಿತು. ದೆಹಲಿಯಿಂದ 1969ರಿಂದ ಬರುತ್ತಿದ್ದ ‘ಎಲೆಕ್ಟ್ರಾನಿಕ್ಸ್ ಫಾರ್ ಯು’ ಪತ್ರಿಕೆಯ ಸರ್ಕ್ಯೂಟ್ ನಕ್ಷೆ ಹಿಡಿದುಕೊಂಡು ಕಾಲೇಜು ಹುಡುಗರು ಈ ಬೀದಿಗೆ ಬರುತ್ತಿದ್ದರು. ಬಿಡಿಭಾಗ ಕೆಟ್ಟರೆ ಅದನ್ನಷ್ಟೇ ಬದಲಿಸಿದರೆ ಸಾಕು. ಯಂತ್ರದ ಒಳಗು ಕೊಂಡವನಿಗೆ ಗೊತ್ತಿತ್ತು. ವಾಟ್‌ನ ಲೆಕ್ಕದಲ್ಲಿ ಮೋಸ ಹೋಗುವಂತಿರಲಿಲ್ಲ, ಟ್ರಾನ್ಸ್‌ಫಾರ್ಮರ್ ಎಷ್ಟು ಆಂಪಿಯರಿನದು ಎಂದು ಅವನೇ ಕೇಳಿ ತಂದಿದ್ದ. ಕೈಯಲ್ಲಿ ಎತ್ತಿ ತೂಕ ನೋಡಿ ಆಂಪ್ಲಿಫೈಯರಿನ ಯೋಗ್ಯತೆ ಹೇಳುವ ರೂಢಿ ಅಲ್ಲಿಂದ ಬಂದದ್ದು, ಅದರಲ್ಲಿ ಹುರುಳಿದೆ: ಭಾರ ಬಹುಪಾಲು ಟ್ರಾನ್ಸ್‌ಫಾರ್ಮರಿನದು, ಒಳಕ್ಕೆ ಬಂದ ವಿದ್ಯುತ್ತಿಗಿಂತ ಹೆಚ್ಚು ಶಕ್ತಿ ಸ್ಪೀಕರಿಗೆ ಹೋಗಲಾರದು.

ಅಸೆಂಬಲ್ಡ್ ಬೇಡ, ಜಪಾನಿನದ್ದೇ ಬೇಕು ಎಂದವರಿಗೆ ಬೇರೆ ದಾರಿಗಳಿದ್ದವು, ಎಲ್ಲವೂ ನೇರವಾದವಲ್ಲ. ಅರಬ್ಬಿ ಸಮುದ್ರದ ಮೇಲೆ ದೋಣಿಗಳಲ್ಲಿ ಬಂದ ಟ್ರಾನ್ಸಿಸ್ಟರ್, ಗಡಿಯಾರ, ಟೇಪ್ ರೆಕಾರ್ಡರುಗಳು ಕ್ರಾಫರ್ಡ್ ಮಾರ್ಕೆಟ್ ಬಳಿಯ ಗಲ್ಲಿಗಳಲ್ಲಿ ಕೈ ಬದಲಿಸುತ್ತಿದ್ದವು. ಕಳ್ಳಸಾಗಣೆ ಎಷ್ಟು ಬೆಳೆದಿತ್ತೆಂದರೆ 1974ರಲ್ಲಿ ಸರ್ಕಾರ ಅದಕ್ಕೆಂದೇ ಕಾಫೆಪೋಸಾ ಕಾನೂನು ತಂದಿತು. ಮಟನ್ ಸ್ಟ್ರೀಟಿನ ಚೋರ್ ಬಜಾರ್‌ನಲ್ಲಿ ಹಳೆಯ ಗ್ರಾಮೋಫೋನು, ಹಡಗಿನಿಂದ ಇಳಿದ ಸ್ಪೀಕರು, ಯಾರೋ ಮಾರಿ ಹೋದ ವಾಲ್ವ್ ಆಂಪ್ಲಿಫೈಯರು ಸಿಗುತ್ತಿದ್ದವು. ಶುಕ್ರವಾರದ ಸಂತೆಗೆ ಬೆಳಗಿನ ಜಾವವೇ ಹೋದವನಿಗೆ ಒಳ್ಳೆಯ ಮಾಲು.

ಇನ್ನೊಂದು ದಾರಿ ಕಾನೂನಿನದು, ಅದು ಕರಾವಳಿ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಎಪ್ಪತ್ತರ ದಶಕದ ತೈಲದ ಏರಿಕೆಯ ನಂತರ ದಕ್ಷಿಣ ಕನ್ನಡದಿಂದ ಸಾವಿರಾರು ಜನ ಕೊಲ್ಲಿ ದೇಶಗಳಿಗೆ ಹೋದರು. ಮಂಗಳೂರಿನಿಂದ ನೇರ ಅಂತರರಾಷ್ಟ್ರೀಯ ವಿಮಾನ ಆರಂಭವಾದದ್ದು 2006ರಲ್ಲಿ. ಅಲ್ಲಿಯವರೆಗೆ ಬಹುಪಾಲು ಜನರಿಗೆ ಹೋಗುವುದೂ ಬರುವುದೂ ಮುಂಬೈ ಮೂಲಕ. ಸಹಾರ್ ವಿಮಾನ ನಿಲ್ದಾಣದ ಕಸ್ಟಮ್ಸ್ ಸಾಲಿನಲ್ಲಿ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಅದರೊಳಗೆ ನ್ಯಾಷನಲ್ ಪ್ಯಾನಸೋನಿಕ್ ಟೂ-ಇನ್-ಒನ್. ಅಲ್ಲಿಂದ ಬಸ್ಸಿನಲ್ಲಿ ಉಡುಪಿ, ಮಂಗಳೂರು, ಕಾಸರಗೋಡಿನ ಮನೆಗೆ. ಕೊಲ್ಲಿಯ ಬಹುಪಾಲು ಯಂತ್ರಗಳಿಗೆ ನಮ್ಮ ಹಾಗೆಯೇ 220-230 ವೋಲ್ಟ್, ಬಂದ ಕೂಡಲೇ ಹಾಕಬಹುದು. ಅಮೆರಿಕದಿಂದ ಬಂದದ್ದಕ್ಕೆ 120, ಜಪಾನಿನ ಒಳಮಾರುಕಟ್ಟೆಯದ್ದಕ್ಕೆ 100 ವೋಲ್ಟ್. ಅವುಗಳನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಚುಚ್ಚಿ ಹೊಗೆ ಬರಿಸಿಕೊಂಡವರಿಗೆಲ್ಲ ಕೊನೆಗೆ ನೆನಪಾಗುತ್ತಿದ್ದುದು ಲ್ಯಾಮಿಂಗ್ಟನ್ ರಸ್ತೆಯ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. ಅದು ಈಗಲೂ ಅಲ್ಲಿ ಮಾರಾಟಕ್ಕಿದೆ.

ಮುಂದಿನ ಹೆಜ್ಜೆ ಟೀವಿಯದು. ವರ್ಳಿಯ ದೂರದರ್ಶನ ಕೇಂದ್ರ 1972ರ ಅಕ್ಟೋಬರ್ 2ರಂದು ಪ್ರಸಾರ ಆರಂಭಿಸಿತ್ತು. ಬಣ್ಣ ಬಂದದ್ದು 1982ರಲ್ಲಿ. ಅದರ ಹಿಂದೆಯೇ ವಿಸಿಆರ್, ಕೇಬಲ್, 1991ರಲ್ಲಿ ಉಪಗ್ರಹ ಚಾನೆಲ್‌ಗಳು. ಚಿತ್ರ ಕೊನೆಗೂ ಖೋಲಿಯೊಳಗೆ ಬಂತು. ಧ್ವನಿ ಮಾತ್ರ ಟೀವಿಯ ಅಂಗೈಯಗಲದ ಸ್ಪೀಕರಿನಲ್ಲೇ ಉಳಿಯಿತು.

ಆಗಲೇ ಸಿನಿಮಾದ ಧ್ವನಿ ಮತ್ತೊಮ್ಮೆ ಮುಂದೆ ಓಡಿತು. 1994ರಲ್ಲಿ ‘1942: ಎ ಲವ್ ಸ್ಟೋರಿ’ ಡಾಲ್ಬಿ ಸ್ಟೀರಿಯೊ ಧ್ವನಿಯೊಂದಿಗೆ ಬಂತು. ಅದೇ ವರ್ಷ ಮರೀನ್ ಲೈನ್ಸ್‌ನ ಲಿಬರ್ಟಿ ಚಿತ್ರಮಂದಿರದಲ್ಲಿ ‘ಹಮ್ ಆಪ್ಕೆ ಹೈ ಕೌನ್’ ನೂರು ವಾರ ದಾಟಿ ಓಡಲು ಹೊರಟಿತು. ಮದುವೆಮನೆಯ ಆ ಹಾಡುಗಳನ್ನು ಸುತ್ತುವರಿದ ಧ್ವನಿಯಲ್ಲಿ ಕೇಳಿದವರು ಮನೆಗೆ ಹೋಗಿ ಟೀವಿ ಹಾಕಿದಾಗ ವ್ಯತ್ಯಾಸ ಕಿವಿಗೆ ರಾಚಿತು. ಡಾಲ್ಬಿ ಪ್ರೊ ಲಾಜಿಕ್ 1987ರಿಂದಲೇ ವಿದೇಶದ ಮನೆಗಳಲ್ಲಿತ್ತು: ಎರಡು ಚಾನೆಲ್‌ಗಳೊಳಗೆ ಹೆಣೆದಿಟ್ಟ ನಾಲ್ಕನ್ನು ಬಿಡಿಸಿ, ಎಡ, ಬಲ, ನಡು, ಹಿಂಬದಿ ಎಂದು ಹಂಚುವ ವಿದ್ಯೆ. ಲ್ಯಾಮಿಂಗ್ಟನ್ ರಸ್ತೆ ಅದನ್ನೂ ಬೋರ್ಡಿನ ರೂಪದಲ್ಲಿ ಮಾರತೊಡಗಿತು.

ತೊಂಬತ್ತರ ಕೊನೆಯ ವರ್ಷಗಳು ವಿಸಿಡಿಯವು. ಒಂದು ಹಿಂದಿ ಚಿತ್ರಕ್ಕೆ ಎರಡೋ ಮೂರೋ ತಟ್ಟೆ. ಅದರ ಜೊತೆ ಐದು ಪುಟ್ಟ ಸ್ಪೀಕರು, ಒಂದು ಸಬ್‌ವೂಫರು, ಡಬ್ಬಿಯ ಮೇಲೆ ಹೊಳೆಯುವ ಅಕ್ಷರದಲ್ಲಿ ಸಾವಿರಾರು ವಾಟ್ ಪಿಎಂಪಿಒ. ಈ ಪಿಎಂಪಿಒ ಎಂಬ ಅಳತೆಗೆ ಯಾವ ಒಪ್ಪಿತ ಮಾನದಂಡವೂ ಇರಲಿಲ್ಲ. ಕ್ಷಣದ ಒಂದು ಚೂರಿನಲ್ಲಿ ಯಂತ್ರ ಎಷ್ಟು ಹಾರಬಹುದು ಎಂಬ ಊಹೆಯನ್ನು ಎಲ್ಲ ಸ್ಪೀಕರಿಗೂ ಕೂಡಿಸಿ ಬರೆದ ಸಂಖ್ಯೆ ಅದು; ಸತತವಾಗಿ ಕೊಡಬಲ್ಲ ಆರ್‌ಎಂಎಸ್ ಶಕ್ತಿ ಅದರ ಚಿಕ್ಕ ಪಾಲು. ಅಮೆರಿಕ 1974ರಲ್ಲೇ ತಡೆದ ಮೋಸ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ ನಮ್ಮ ಮಧ್ಯಮ ವರ್ಗದ ಜೇಬಿಗೆ ಕೈ ಹಾಕಿತು. ಇನ್ನೊಂದು ಮಾತನ್ನು ಮಾರಾಟಗಾರರು ಹೇಳುತ್ತಿರಲಿಲ್ಲ: ವಿಸಿಡಿಯಲ್ಲಿ ಇರುವುದೇ ಎರಡು ಚಾನೆಲ್ ಧ್ವನಿ. ಐದು ಸ್ಪೀಕರಿಗೆ ದುಡ್ಡು ಕೊಟ್ಟ ಮನೆ, ಬಹುಪಾಲು ಎರಡರ ಧ್ವನಿಯನ್ನೇ ಐದರಲ್ಲಿ ಕೇಳಿತು.

2001ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಉಳಿದಿದ್ದ 715 ವಸ್ತುಗಳ ಮೇಲಿನ ಆಮದು ಪರಿಮಾಣ ನಿರ್ಬಂಧವನ್ನು ತೆಗೆಯಿತು. ಐದು ದಶಕ ದೋಣಿಯಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಬರುತ್ತಿದ್ದ ಗ್ರಾಹಕ ವಸ್ತುಗಳು ಬಿಲ್ಲು, ವಾರಂಟಿ ಸಮೇತ ಅಂಗಡಿಯ ಕಪಾಟಿಗೆ ಬರುವ ಬಾಗಿಲು ತೆರೆಯಿತು. ಯಮಾಹಾ, ಡೆನಾನ್, ಓಂಕ್ಯೊ, ಮರಾಂಟ್ಜ್ ಎಂಬ ಹೆಸರುಗಳು ಮುಂಬೈಯ ಮಧ್ಯಮ ವರ್ಗದ ಮಾತಿಗೆ ಬಂದದ್ದು ಆನಂತರ. 1967ರಿಂದ ಊರಿನಲ್ಲಿದ್ದ ವಿಜಯ್ ಸೇಲ್ಸ್ ಉಪನಗರಗಳ ಉದ್ದಕ್ಕೂ ಬೆಳೆಯಿತು. ಟಾಟಾ ಸಮೂಹದ ಕ್ರೋಮಾ ತನ್ನ ಮೊದಲ ಮಳಿಗೆಯನ್ನು 2006ರಲ್ಲಿ ಜುಹುವಿನಲ್ಲಿ ತೆರೆಯಿತು. 2007ರಲ್ಲಿ ಮೋಸರ್ ಬೇರ್ ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿದಾಗ ಬಾಗಿಲು ಪೂರ್ತಿ ತೆರೆದಂತಾಯಿತು: ಹಲವು ಡಿವಿಡಿಗಳೊಳಗೆ ಡಾಲ್ಬಿ ಡಿಜಿಟಲ್, ಅಂದರೆ ಐದು ಪ್ರತ್ಯೇಕ ಚಾನೆಲ್ ಮತ್ತು ಕೆಳಗಿನ ಗುಡುಗಿಗೆ ಒಂದು, ನಿಜವಾಗಿಯೂ ಇರುತ್ತಿದ್ದವು. 1992ರಲ್ಲಿ ಅಮೆರಿಕದ ಚಿತ್ರಮಂದಿರಕ್ಕೆ ಬಂದ ತಂತ್ರ ಹದಿನೈದು ವರ್ಷದಲ್ಲಿ ವಡಾಪಾವ್ ತಿನ್ನುವ ದುಡ್ಡಿಗೆ ಮುಂಬೈಯ ಮನೆಗೆ ಬಂತು. ಮಧ್ಯಮ ಬೆಲೆಯ ರಿಸೀವರಿಗೆ ಅರ್ಥ ಬಂದದ್ದು ಆಗ.

ಆಮೇಲೆ ಶುರುವಾದದ್ದು ಬೇರೆಯೇ ಓಟ, ಈ ಓಟದಲ್ಲೇ ಬಡಪಾಯಿ ಬಜೆಟ್ ಸುಸ್ತಾಗುವುದು. 2002ರ ಕೊನೆಗೆ ಎಚ್‌ಡಿಎಂಐ ಎಂಬ ಕೇಬಲ್ ಮಾನದಂಡ ಬಂತು. 2006ಕ್ಕೆ ಬ್ಲೂ-ರೇ, ಅದರ ಹೊಸ ಧ್ವನಿಗೆ ಎಚ್‌ಡಿಎಂಐ 1.3. 2009ಕ್ಕೆ 1.4, ಟೀವಿಯ ಧ್ವನಿಯನ್ನು ರಿಸೀವರಿಗೆ ಮರಳಿಸುವ ಎಆರ್‌ಸಿ ಅದರಲ್ಲಿ. 2013ಕ್ಕೆ 2.0, 4ಕೆ ಚಿತ್ರಕ್ಕೆ. 2014ಕ್ಕೆ ಮನೆಯ ಚಾವಣಿಯಲ್ಲೂ ಸ್ಪೀಕರ್ ಬೇಡುವ ಡಾಲ್ಬಿ ಆಟ್ಮಸ್. 2017ಕ್ಕೆ ಎಚ್‌ಡಿಎಂಐ 2.1. ಪ್ರತಿ ಸಲವೂ ಹಿಂದಿನ ಡಬ್ಬಿ ಕೆಟ್ಟಿರಲಿಲ್ಲ, ಹಳತಾಗಿತ್ತು ಅಷ್ಟೇ. ಹೊಚ್ಚಹೊಸದರ ಬೆನ್ನು ಹತ್ತಿದವರಿಗೂ ನೆಮ್ಮದಿ ಇರಲಿಲ್ಲ. 2020ರಲ್ಲಿ ಬಂದ ಮೊದಲ ಸುತ್ತಿನ 2.1 ರಿಸೀವರುಗಳಲ್ಲಿ ಹಲವಕ್ಕೆ ಚಿಪ್ಪಿನ ದೋಷದಿಂದ ಹೊಸ ಗೇಮ್ ಯಂತ್ರದ ಅತಿ ವೇಗದ 4ಕೆ ಚಿತ್ರ ದಾಟುತ್ತಲೇ ಇರಲಿಲ್ಲ.

ತಯಾರಕರೂ ಸುಸ್ತಾದರು. ಪಯೋನಿಯರ್‌ನ ಹೋಮ್ ಆಡಿಯೊ ವಿಭಾಗ 2015ರಲ್ಲಿ ಓಂಕ್ಯೊದೊಳಗೆ ಸೇರಿತು. 2022ರ ಮೇ ತಿಂಗಳಲ್ಲಿ ಓಂಕ್ಯೊ ಹೋಮ್ ಎಂಟರ್‌ಟೇನ್‌ಮೆಂಟ್ ಒಸಾಕಾದಲ್ಲಿ ದಿವಾಳಿ ಅರ್ಜಿ ಹಾಕಿತು; ರಿಸೀವರ್ ವ್ಯವಹಾರ ಅದಕ್ಕೆ ಮೊದಲೇ ವಾಕ್ಸ್ ಮತ್ತು ಶಾರ್ಪ್ ಕೈಗೆ ಹೋಗಿತ್ತು. ಡೆನಾನ್, ಮರಾಂಟ್ಜ್‌ಗಳು ಮಾಲೀಕರನ್ನು ಬದಲಿಸುತ್ತ 2025ರಲ್ಲಿ ಸ್ಯಾಮ್‌ಸಂಗ್ ಒಡೆತನದ ಹರ್ಮನ್ ಸೇರಿದವು. ಸೌಂಡ್‌ಬಾರ್ ಎಂಬ ಒಂದೇ ಪಟ್ಟಿ ಟೀವಿಯ ಕೆಳಗೆ ಕೂತು ಜಾಗ ಉಳಿಸಿತು. ಮುಂಬೈಯಲ್ಲಿ ಜಾಗ ಉಳಿಸುವುದು ಎಲ್ಲಕ್ಕಿಂತ ದೊಡ್ಡ ಗುಣ. ಕಾಲಾ ಘೋಡಾದ ರಿದಮ್ ಹೌಸ್ 2016ರ ಫೆಬ್ರವರಿ 29ರಂದು ಬಾಗಿಲು ಮುಚ್ಚಿತು. ತಟ್ಟೆ, ಕ್ಯಾಸೆಟ್, ಸಿಡಿ, ಡಿವಿಡಿಗಳನ್ನು ಒಂದರ ನಂತರ ಒಂದರಂತೆ ಮಾರಿದ ಅಂಗಡಿಗೆ ಮಾರಲು ಮುಂದೆ ವಸ್ತುವೇ ಉಳಿಯಲಿಲ್ಲ.

ಇಷ್ಟೆಲ್ಲ ಬದಲಾದಾಗಲೂ ಒಂದು ಬದಲಾಗಲಿಲ್ಲ: ಸ್ಪೀಕರ್. ಕಾಂತ, ಸುರುಳಿ, ಕೋನು. ನೂರು ವರ್ಷ ಹಳೆಯ ವಿದ್ಯೆ. 1980ರಲ್ಲಿ ಮಾಡಿಸಿದ ಪ್ಲೈವುಡ್ ಡಬ್ಬಿ ಇಂದಿನ ರಿಸೀವರಿಗೂ ಅದೇ ಎರಡು ತಂತಿಗಳಿಂದ ಜೋಡಣೆಯಾಗುತ್ತದೆ. ಮುಂಬೈಯ ಉಪ್ಪುಗಾಳಿಯಲ್ಲಿ, ನಾಲ್ಕು ತಿಂಗಳ ಮಳೆಯ ತೇವದಲ್ಲಿ ಕೋನಿನ ಸುತ್ತಲಿನ ಫೋಮ್ ಅಂಚು ಪುಡಿಯಾಗುತ್ತದೆ ನಿಜ. ಅದನ್ನು ಬದಲಿಸಿ ಕೊಡುವ ಕೈಗಳು ಗ್ರಾಂಟ್ ರೋಡ್ ಸುತ್ತಮುತ್ತ ಇನ್ನೂ ಇವೆ. ಅವರು ಸುರುಳಿ ನೋಡಿ, ಅಂಚು ಕತ್ತರಿಸಿ, ಅಂಟು ಹಾಕಿ, ಕೋನನ್ನು ಬೆರಳ ತುದಿಯಿಂದ ಒತ್ತಿ ನಡುವಿಗೆ ಕೂರಿಸುತ್ತಾರೆ. ಇದು ಕುಶಲಕರ್ಮ. ಈ ಊರಿನ ಧ್ವನಿಯ ಇತಿಹಾಸ ಬರೆಯುವವರು ಸ್ಟುಡಿಯೊಗಳ ಜೊತೆ ಈ ಮೇಜುಗಳನ್ನೂ ಬರೆಯಬೇಕು.

ಇಂದಿನ ಖರೀದಿಗೆ ಈ ಇತಿಹಾಸವೇ ಒಳ್ಳೆಯ ಮಾರ್ಗದರ್ಶಿ. ಒಂದು ಲಕ್ಷ ರೂಪಾಯಿ ಎತ್ತಿಟ್ಟ ಕುಟುಂಬ ಸಾಮಾನ್ಯವಾಗಿ ಅದರಲ್ಲಿ ಎಪ್ಪತ್ತು ಸಾವಿರವನ್ನು ರಿಸೀವರಿಗೆ ಸುರಿದು, ಉಳಿದದ್ದರಲ್ಲಿ ಐದು ಸ್ಪೀಕರ್ ಹುಡುಕುತ್ತದೆ. ತಿರುಗಾಮುರುಗಾ ಆಗಬೇಕು. ಹಳತಾಗುವ ಡಬ್ಬಿಗೆ ಕಡಿಮೆ, ಉಳಿಯುವ ಸ್ಪೀಕರಿಗೆ ಹೆಚ್ಚು. ಹತ್ತು ಅಡಿಗೆ ಹನ್ನೆರಡು ಅಡಿಯ ಹಾಲ್‌ನಲ್ಲಿ ಒಂಬತ್ತು ಚಾನೆಲ್ಲಿನ ಆಸೆ ವ್ಯರ್ಥ. ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿರುವಾಗ ಹಿಂದಿನ ಸ್ಪೀಕರ್ ಇಡಲು ಜಾಗವೇ ಇರುವುದಿಲ್ಲ. ಅಂಥ ಮನೆಗೆ ಮುಂದೆ ಮೂರು, ಅಕ್ಕಪಕ್ಕ ಎರಡು ಒಳ್ಳೆಯ ಸ್ಪೀಕರ್ ಸಾಕು. ಆರಂಭಕ್ಕೆ ಬರೀ ಎರಡೂ ಆದೀತು, ಉಳಿದದ್ದನ್ನು ವರ್ಷ ವರ್ಷ ಸೇರಿಸಬಹುದು. ಆ ಸ್ವಾತಂತ್ರ್ಯ ಕೊಡುವುದೇ ರಿಸೀವರಿನ ಹೆಚ್ಚುಗಾರಿಕೆ, ಸೌಂಡ್‌ಬಾರಿಗೆ ಅದು ಸಾಮಾನ್ಯವಾಗಿ ಇಲ್ಲ.

ವಾಟ್‌ನ ಮೋಹವನ್ನೂ ಬಿಡಬೇಕು. ಶಕ್ತಿಯನ್ನು ಇಮ್ಮಡಿ ಮಾಡಿದರೆ ಧ್ವನಿ ಏರುವುದು ಮೂರು ಡೆಸಿಬಲ್ ಮಾತ್ರ. 87 ಡೆಸಿಬಲ್ ಸೂಕ್ಷ್ಮತೆಯ ಸ್ಪೀಕರ್ ಬಿಟ್ಟು 90ರದ್ದನ್ನು ಆರಿಸಿದರೆ ಅಷ್ಟೇ ಲಾಭ, ಆಂಪ್ಲಿಫೈಯರಿಗೆ ಒಂದು ರೂಪಾಯಿ ಹೆಚ್ಚು ಕೊಡದೆ. ಡಬ್ಬಿಯ ಮೇಲೆ ಬರೆದ ವಾಟ್ ಎಷ್ಟು ಚಾನೆಲ್ ಓಡುವಾಗ, ಎಷ್ಟು ಓಮ್‌ಗೆ, ಎಷ್ಟು ವಿಕಾರ ಒಪ್ಪಿಕೊಂಡು ಎಂಬ ಸಣ್ಣ ಅಕ್ಷರ ಓದಬೇಕು. ಎರಡೇ ಚಾನೆಲ್ ಓಡಿಸಿ ಅಳೆದ ಸಂಖ್ಯೆ ಐದು ಓಡುವಾಗ ಹಾಗೆಯೇ ಇರುವುದಿಲ್ಲ. ಈ ನಗರದಲ್ಲಿ ಅಷ್ಟು ಶಕ್ತಿ ಬೇಕಾಗಿಯೂ ಇಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಗೆರೆ ಎಳೆದಿವೆ. ಕಾಂಕ್ರೀಟ್ ಚಪ್ಪಡಿಯ ಮೂಲಕ ಸಬ್‌ವೂಫರಿನ ಗುಡುಗು ಕೆಳಮನೆಯ ಮಗುವಿನ ತೊಟ್ಟಿಲವರೆಗೂ ಇಳಿಯುತ್ತದೆ. ಚಾಳಿನಲ್ಲಿ ಜೋರಾಗಿ ಹಾಕುವುದು ಮರ್ಯಾದೆಯಾಗಿದ್ದ ಕಾಲ ಬೇರೆ. ಗೋಡೆಗೆ ಗೋಡೆ ಅಂಟಿದ ಫ್ಲ್ಯಾಟಿನಲ್ಲಿ ರಾತ್ರಿ ಹತ್ತರ ನಂತರ ಗುಡುಗನ್ನು ತಗ್ಗಿಸಿ ಮಾತನ್ನು ಸ್ಪಷ್ಟವಾಗಿಡುವ ನೈಟ್ ಮೋಡ್ ಇರುವ ರಿಸೀವರೇ ಹೆಚ್ಚು ಬೆಲೆಬಾಳುತ್ತದೆ.

ಕೊಳ್ಳುವ ದಿನ ಅಂಗಡಿಯವನು ‘ಬಿಲ್ ಬೇಕಾ, ಬೇಡವಾ’ ಎಂದು ಎರಡು ಬೆಲೆ ಹೇಳಬಹುದು. ಬಿಲ್ ಇಲ್ಲದ ಬೆಲೆ ಕಡಿಮೆಯೇ. ಆದರೆ ಅಸೆಂಬಲ್ಡ್ ಕಾಲದ ಯಂತ್ರವನ್ನು ಯಾವ ಮೆಕ್ಯಾನಿಕ್ಕೂ ತೆರೆಯಬಲ್ಲವನಾಗಿದ್ದ. ಇಂದಿನ ರಿಸೀವರಿನ ಎಚ್‌ಡಿಎಂಐ ಬೋರ್ಡು ಹೋದರೆ ಕಂಪನಿಯ ಸರ್ವಿಸ್ ಸೆಂಟರ್ ಬಿಟ್ಟು ಬೇರೆ ಗತಿಯಿಲ್ಲ, ಅಲ್ಲಿ ಮೊದಲು ಕೇಳುವುದೇ ಬಿಲ್ಲು. ಕಳೆದ ವರ್ಷದ ಮಾದರಿ, ಭಾರತದ 230 ವೋಲ್ಟಿನದ್ದು, ಪೂರ್ತಿ ವಾರಂಟಿಯೊಂದಿಗೆ, ಹಬ್ಬದ ರಿಯಾಯಿತಿಯಲ್ಲಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ವ್ಯಾಪಾರ ಮಧ್ಯಮ ಬಜೆಟ್ಟಿಗೆ ಇಲ್ಲ. ಎಆರ್‌ಸಿ ಅಥವಾ ಅದರ ಮುಂದಿನ ಇಎಆರ್‌ಸಿ ಇದೆಯೇ, ಮನೆಯ ಟೀವಿ ಅದಕ್ಕೆ ಹೊಂದುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ಖಚಿತ ಮಾಡಿಕೊಳ್ಳಿ. ನಿಮಗೆ ಚೆನ್ನಾಗಿ ಪರಿಚಿತವಾದ ಒಂದು ಚಿತ್ರದ ಹತ್ತು ನಿಮಿಷವನ್ನು ಅಲ್ಲಿ ಕೇಳಿ, ಮಾತು ಸ್ಪಷ್ಟವಾಗಿ ಕೇಳದ ಸ್ಪೀಕರನ್ನು ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ.